ಸೋತವರಿಗೂ ಏಳು ಮ್ಯಾಚ್

ಸೀಟಿ ಮಾಸ್ತರ್ ಅಂಕಣ: ಓದುಗರ ಪ್ರಶ್ನೆ, ಮಾಸ್ತರರ ಉತ್ತರ

ಈ ಸಲದ ಟಪಾಲಿನಲ್ಲಿ ಕ್ರಿಕೆಟ್ ಪ್ರಶ್ನೆ ಒಂದೂ ಇಲ್ಲ. ಮುಂಬೈಯಲ್ಲಿ ಇದು ಸಣ್ಣ ಸಂಗತಿಯಲ್ಲ. ಹಿಂದಿನ ಸಂಚಿಕೆಯಲ್ಲಿ 19 ವರ್ಷದೊಳಗಿನ ಹುಡುಗರ ಬಾಸ್ಕೆಟ್‌ಬಾಲ್ ವಿಶ್ವಕಪ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ವಡಾಲಾದಿಂದ ವಾಸ್ಕೋ ತನಕ ಜನ ಕಾಗದ ಹಾಕಿದ್ದಾರೆ. ಹೊಸಬರಿಗೆ ನನ್ನ ಪರಿಚಯ ಇಷ್ಟೇ: ನಾನು ಕೋಚ್ ಅಲ್ಲ, ರೆಫ್ರಿ. ಹಗಲು ಫೋರ್ಟಿನ ಬ್ಯಾಂಕೊಂದರಲ್ಲಿ ಲೆಡ್ಜರ್ ಬರೆದು, ಸಂಜೆ ಮೈದಾನದಲ್ಲಿ ಸೀಟಿ ಊದಿ ರಿಟೈರ್ ಆದವನು. ಈಗಲೂ ಯಾರಾದರೂ ಕರೆದರೆ ಹೋಗುತ್ತೇನೆ. ಮೊಣಕಾಲು ಬೇಡ ಅನ್ನುತ್ತದೆ, ನಾನು ಕೇಳುವುದಿಲ್ಲ.

ಪ್ರಶ್ನೆ: ಮಾಸ್ತರೇ, ಈ ವಿಶ್ವಕಪ್ ಲೀಗಾ, ನಾಕೌಟಾ? ಮೊದಲ ಮೂರು ಮ್ಯಾಚ್ ಸೋತ ತಂಡವೂ ಕೊನೆ ದಿನದ ತನಕ ಆಡುತ್ತದೆ ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ನಿಜವಾ?
(ಜೂನಿಯರ್ ಕಾಲೇಜ್ ವಿದ್ಯಾರ್ಥಿ, ವಡಾಲಾ)

ನಿಜ ತಮ್ಮಾ. ಗೆಳೆಯನಿಗೆ ಒಂದು ವಡಾಪಾವ್ ಕೊಡಿಸು.

16 ತಂಡ, ನಾಲ್ಕು ಗುಂಪು. ಗುಂಪಿನೊಳಗೆ ಎಲ್ಲರಿಗೂ ಮೂರು ಮ್ಯಾಚ್. ಆಮೇಲೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಹದಿನಾರೂ ತಂಡ ಮುಂದಿನ ಸುತ್ತಿಗೆ ಹೋಗುತ್ತವೆ. ಗುಂಪಿನಲ್ಲಿ ಎಷ್ಟನೇ ಸ್ಥಾನ ಅನ್ನುವುದರ ಮೇಲೆ ಯಾರಿಗೆ ಯಾರು ಎದುರು ಅಂತ ತೀರ್ಮಾನ. ಅಲ್ಲಿ ಗೆದ್ದ ಎಂಟು ತಂಡ ಕಪ್ಪಿನ ಕಡೆ ಹೋಗುತ್ತವೆ. ಸೋತ ಎಂಟು ತಂಡ 9ರಿಂದ 16ನೇ ಸ್ಥಾನಕ್ಕೆ ಕಾದಾಡುತ್ತವೆ. ಎಲ್ಲಾ ಸೋಲುತ್ತಾ ಹೋದರೂ, ಕಡೆಗೆ 15ನೇ ಸ್ಥಾನ ನಿನಗಾ ನನಗಾ ಅಂತ ಒಂದು ಮ್ಯಾಚ್ ಇದ್ದೇ ಇರುತ್ತದೆ. ಅಂದರೆ ಚಾಂಪಿಯನ್ನಿಗೂ ಏಳು ಮ್ಯಾಚ್, ಕಟ್ಟಕಡೆಯವರಿಗೂ ಏಳು ಮ್ಯಾಚ್. ಒಟ್ಟು 56. ಬರೀ ನಾಕೌಟ್ ಮಾಡಿದ್ದರೆ 15ಕ್ಕೇ ಮುಗಿದುಹೋಗುತ್ತಿತ್ತು, ಅರ್ಧ ತಂಡಗಳು ಒಂದೇ ಮ್ಯಾಚ್ ಆಡಿ ಗಂಟುಮೂಟೆ ಕಟ್ಟಬೇಕಿತ್ತು. 2025ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಜೂನ್ 28ರಿಂದ ಜುಲೈ 6ರೊಳಗೆ ಇಷ್ಟನ್ನೂ ಆಡಿಸಿದರು. ಫೈನಲ್‌ನಲ್ಲಿ ಅಮೆರಿಕ ಜರ್ಮನಿಯನ್ನು 109-76ರಿಂದ ಸೋಲಿಸಿತು. ಪೇಪರಿನಲ್ಲಿ ಬಂದದ್ದು ಅದೊಂದೇ. ನನಗೆ ಉಳಿದ 55ರ ಮೇಲೇ ಪ್ರೀತಿ ಜಾಸ್ತಿ.

ಯಾಕೆ ಅಂತ ಕೇಳು. ನಮ್ಮ ಶಾಲಾ ಟೂರ್ನಿಗಳು ಹೇಗಿರುತ್ತವೆ ಅಂತ ನಿನಗೇ ಗೊತ್ತು. ಒಂದು ಟೂರ್ನಿಯಲ್ಲಿ ನಾನು ಕಂಡದ್ದು ಇದು. ಬೆಳಿಗ್ಗೆ ಎಂಟಕ್ಕೆ ಮೊದಲ ಮ್ಯಾಚ್. ಅಂಬರನಾಥದ ಕಡೆಯಿಂದ ಒಂದು ತಂಡ ಲೋಕಲ್‌ನಲ್ಲಿ ನೇತಾಡಿಕೊಂಡು ಬಂದಿತ್ತು. ಹನ್ನೆರಡು ಹುಡುಗರು. ಹೊಸ ಜೆರ್ಸಿ, ಬೆನ್ನ ಮೇಲಿನ ನಂಬರ್‌ಗೆ ಇನ್ನೂ ಇಸ್ತ್ರಿ ಹಾಕಿದ ವಾಸನೆ. ಎದುರಿಗೆ ದೊಡ್ಡ ಶಾಲೆಯ ತಂಡ. ಒಂಬತ್ತೂಕಾಲಿಗೆ ಆಟ ಮುಗಿಯಿತು, ಇವರ ಟೂರ್ನಿಯೂ ಮುಗಿಯಿತು. ಅಮ್ಮ ಕಟ್ಟಿಕೊಟ್ಟ ಡಬ್ಬಿಯನ್ನೂ ಬಿಚ್ಚಿರಲಿಲ್ಲ. ಬೆಂಚಿನ ತುದಿಯಲ್ಲಿ ಕೂತಿದ್ದ ನಾಲ್ಕು ಹುಡುಗರ ಶೂಗೆ ಧೂಳೂ ಅಂಟಿರಲಿಲ್ಲ. ಅದರಲ್ಲೊಬ್ಬ ಸ್ಕೋರ್‌ಶೀಟ್ ಹತ್ತಿರ ಬಂದು ತನ್ನ ಹೆಸರು ಸರಿಯಾಗಿ ಬರೆದಿದ್ದಾರಾ ಅಂತ ನೋಡಿದ. ಹೆಸರು ಇತ್ತು. ಮುಂದಿನ ಖಾನೆಗಳೆಲ್ಲಾ ಖಾಲಿ.

ಆ ಹುಡುಗ ಮುಂದಿನ ವರ್ಷ ಆಟ ಬಿಟ್ಟರೆ ಅವನದೇನು ತಪ್ಪು?

ಆದ್ದರಿಂದ ಟೂರ್ನಿ ನಡೆಸುವ ನಮ್ಮ ಸಂಘ ಸಂಸ್ಥೆಗಳವರಿಗೆ ಒಂದು ಲೆಕ್ಕ ಕೊಡುತ್ತೇನೆ. ಎಂಟು ತಂಡದ ನಾಕೌಟ್‌ಗೆ ಏಳು ಮ್ಯಾಚ್ ಬೇಕು. ಸೋತವರನ್ನೂ ಆಡಿಸಿ ಒಂದರಿಂದ ಎಂಟರ ತನಕ ಸ್ಥಾನ ಕೊಡುವುದಾದರೆ 12 ಮ್ಯಾಚ್. ಐದು ಜಾಸ್ತಿ, ಅಷ್ಟೇ. ಅಷ್ಟಕ್ಕೇ ಪ್ರತಿ ತಂಡಕ್ಕೂ ಮೂರು ಮ್ಯಾಚ್ ಸಿಗುತ್ತದೆ. ಟೈಮ್ ಇಲ್ಲವಾ? ಹತ್ತು ನಿಮಿಷದ ಕ್ವಾರ್ಟರನ್ನು ಆರು ನಿಮಿಷ ಮಾಡಿ. ಮುಖ್ಯ ಅತಿಥಿಗಳ ಭಾಷಣ, ಶಾಲು, ಹಾರ, ಸ್ಮರಣಿಕೆ ಕಮ್ಮಿ ಮಾಡಿದರೆ ಎರಡು ಮ್ಯಾಚ್‌ಗೆ ಜಾಗ ತಾನಾಗೇ ಆಗುತ್ತದೆ. ನನ್ನನ್ನು ಕರೆದರೆ ಸೀಟಿ ನನ್ನದೇ, ಚಹಾ ಮಾತ್ರ ನಿಮ್ಮದು.

ಪ್ರಶ್ನೆ: ಮೊಮ್ಮಗನ ಜೊತೆ ಟಿವಿಯಲ್ಲಿ ನೋಡುತ್ತೇನೆ. ಈಗಿನ ಹುಡುಗರು ಚೆಂಡು ಹಿಡಿದು ಮೂರು ಹೆಜ್ಜೆ ಓಡಿ ಬುಟ್ಟಿಗೆ ಹಾಕುತ್ತಾರೆ. ರೆಫ್ರಿ ಸುಮ್ಮನೆ ನಿಂತಿರುತ್ತಾನೆ. ನಮ್ಮ ಕಾಲದಲ್ಲಿ ಇದು ಟ್ರಾವೆಲಿಂಗ್ ಅನ್ನುವ ತಪ್ಪಾಗಿತ್ತು. ರೆಫ್ರಿಗಳಿಗೆ ಕಣ್ಣು ಕಾಣುವುದಿಲ್ಲವೇ?
(ನಿವೃತ್ತ ಅಧ್ಯಾಪಕರು, ಡೊಂಬಿವಲಿ)

ರಾಯರೇ, ಕಣ್ಣು ಕಾಣುತ್ತದೆ. ನಿಯಮ ಬದಲಾಗಿದೆ. ಅಂತರರಾಷ್ಟ್ರೀಯ ಒಕ್ಕೂಟ ಫಿಬಾ 2017ರಲ್ಲಿ ಇದನ್ನು ತಿದ್ದಿತು.

ಓಡುತ್ತಾ ಬರುವ ಹುಡುಗನ ಕಾಲನ್ನು ಮಾತ್ರ ನೋಡಿ. ಬಲಗಾಲು ನೆಲದ ಮೇಲಿರುವಾಗ ಚೆಂಡು ಅವನ ಹಿಡಿತಕ್ಕೆ ಬಂತು ಅನ್ನೋಣ. ಆ ಕಾಲು ಲೆಕ್ಕಕ್ಕಿಲ್ಲ, ಅದು ಸೊನ್ನೆ. ಆಮೇಲೆ ಎಡಗಾಲು ಊರಿದ: ಒಂದು. ಮತ್ತೆ ಬಲಗಾಲು: ಎರಡು. ಇನ್ನೊಂದು ಕಾಲು ನೆಲಕ್ಕೆ ತಾಗುವ ಮುಂಚೆ ಚೆಂಡು ಕೈಬಿಟ್ಟಿರಬೇಕು. ನಿಮ್ಮ ಕಣ್ಣಿಗೆ ಬಲ, ಎಡ, ಬಲ ಅಂತ ಮೂರು ಕಾಣುತ್ತದೆ. ನಮ್ಮ ಲೆಕ್ಕಕ್ಕೆ ಎರಡೇ. ಆದರೆ ಪಾಸ್ ಹಿಡಿದು ಅಲ್ಲಿಂದ ಡ್ರಿಬ್ಲಿಂಗ್, ಅಂದರೆ ಚೆಂಡು ಬಡಿಯುತ್ತಾ ಓಡುವುದು, ಶುರು ಮಾಡುವುದಾದರೆ ಬೇರೆ ಲೆಕ್ಕ. ಆಗ ಎರಡನೇ ಹೆಜ್ಜೆ ಇಡುವ ಮುಂಚೆಯೇ ಚೆಂಡು ಕೈಯಿಂದ ಹೊರಟಿರಬೇಕು.

ಮೊಮ್ಮಗನನ್ನು ಹಾಲ್‌ನಲ್ಲಿ ನಿಧಾನಕ್ಕೆ ನಡೆಸಿ, ಸೊನ್ನೆ, ಒಂದು, ಎರಡು ಅಂತ ಜೋರಾಗಿ ಎಣಿಸಿ. ಹತ್ತು ನಿಮಿಷದಲ್ಲಿ ನಿಮ್ಮ ಕಣ್ಣು ಪಳಗುತ್ತದೆ. ಆಮೇಲೆ ಟಿವಿ ಮುಂದೆ ರೆಫ್ರಿಗೆ ಬೈಯಿರಿ, ನಾನೂ ನಿಮ್ಮ ಜೊತೆ ಬೈಯುತ್ತೇನೆ.

ಪ್ರಶ್ನೆ: ಮಗನಿಗೆ ಹದಿನೈದು ವರ್ಷ, ಎತ್ತರ ಐದಡಿ ಏಳು ಇಂಚು. ದಿನಾ ಬಾಗಿಲ ಸರಳಿಗೆ ನೇತಾಡುತ್ತಾನೆ. ಎತ್ತರಕ್ಕೆ ಒಂದು ಪುಡಿ ಬರುತ್ತದಂತೆ, ತಂದುಕೊಡು ಅಂತ ಹಠ. ಕುಳ್ಳರಿಗೆ ಈ ಆಟದಲ್ಲಿ ಜಾಗ ಇದೆಯಾ?
(ತಾಯಿ, ಮೀರಾ ರೋಡ್)

ಪುಡಿ ತರಬೇಡಿ ತಾಯಿ. ಆ ದುಡ್ಡಿಗೆ ಮೊಟ್ಟೆ, ಬಾಳೆಹಣ್ಣು, ಕಡಲೆ ತನ್ನಿ. ರಾತ್ರಿ ಫೋನ್ ತೆಗೆದಿಟ್ಟು ಮಲಗಿಸಿ. ಸರಳಿಗೆ ನೇತಾಡಿದರೆ ಭುಜಕ್ಕೆ ಒಳ್ಳೆಯದು, ಮೂಳೆ ಉದ್ದವಾಗುವುದಿಲ್ಲ. ಬಾಗಿಲ ಸ್ಕ್ರೂ ಮಾತ್ರ ಒಮ್ಮೆ ನೋಡಿಕೊಳ್ಳಿ.

ಎತ್ತರ ಬೇಡ ಅಂತ ನಾನು ಸುಳ್ಳು ಹೇಳುವುದಿಲ್ಲ. ರಿಂಗ್ ಇರುವುದು 3.05 ಮೀಟರ್ ಮೇಲೆ, ಅದು ಯಾರಿಗೂ ಬಗ್ಗುವುದಿಲ್ಲ. ಆದರೆ ಇದೇ ಕಿರಿಯರ ವಿಶ್ವಕಪ್‌ನ ದಾಖಲೆ ನೋಡಿ. 2015ರಲ್ಲಿ ಗ್ರೀಸ್‌ನ ಹೆರಾಕ್ಲಿಯೊನ್‌ನಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರ ಅಂತ ಪ್ರಶಸ್ತಿ ಪಡೆದವನು ಜೇಲನ್ ಬ್ರನ್ಸನ್. ಎತ್ತರ ಆರಡಿ ಎರಡು ಇಂಚು. ನಮ್ಮಲ್ಲಿ ಉದ್ದ, ಅವರಲ್ಲಿ ಗಿಡ್ಡ. 2007ರಲ್ಲಿ ಸೆರ್ಬಿಯಾದ ನೋವಿ ಸಾದ್‌ನಲ್ಲಿ ಅಮೆರಿಕದ ತಂಡದಲ್ಲಿ ಒಬ್ಬ ಸಣಕಲು ಹುಡುಗ ಇದ್ದ, ಹೆಸರು ಸ್ಟೆಫ್ ಕರಿ. ಆ ಸಲ ಫೈನಲ್‌ನಲ್ಲಿ ಸೋತು ಬೆಳ್ಳಿ ತಗೊಂಡು ಹೋದ. 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅವನೇ ಎಂಟು ತ್ರೀ ಪಾಯಿಂಟರ್ (ದೂರದ ಗೆರೆಯ ಹೊರಗಿನಿಂದ ಹಾಕುವ ಮೂರು ಪಾಯಿಂಟಿನ ಶಾಟ್) ಹಾಕಿ ಅಮೆರಿಕಕ್ಕೆ ಚಿನ್ನ ಗೆದ್ದುಕೊಟ್ಟ.

ನಾನು ಸೀಟಿ ಹಿಡಿದು ನಿಂತಾಗ ನೋಡಿದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಹುಡುಗರಲ್ಲಿ ಹತ್ತಕ್ಕೆ ಎಂಟು ಜನ ಎಡಗೈಯಲ್ಲಿ ಲೇಅಪ್, ಅಂದರೆ ಓಡಿ ಬಂದು ಬುಟ್ಟಿಯ ಹತ್ತಿರದಿಂದ ಹಾಕುವ ಶಾಟ್, ಹಾಕಲ್ಲ. ಎಡಗಡೆಯಿಂದ ಹೋದರೂ ಚೆಂಡನ್ನು ಬಲಗೈಗೆ ತಂದು, ಎದುರಾಳಿಯ ಮುಖದ ಮುಂದೇ ಎತ್ತುತ್ತಾರೆ. ಬ್ಲಾಕ್ ಆಗುತ್ತದೆ. ಆಮೇಲೆ ನಾನು ಕುಳ್ಳ ಅಂತ ಅಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಗನಿಗೆ ಹೇಳಿ: ಊಟ, ಬರೆಯುವುದು ಬಿಟ್ಟು ಉಳಿದ ಕೆಲಸವನ್ನೆಲ್ಲಾ ಒಂದು ತಿಂಗಳು ಎಡಗೈಯಲ್ಲಿ ಮಾಡಲಿ. ಹಲ್ಲುಜ್ಜುವುದು, ಬಾಗಿಲು ತೆಗೆಯುವುದು, ಚೆಂಡು ಬಡಿಯುವುದು, ಎಲ್ಲಾ.

ಪ್ರಶ್ನೆ: ಬಾಸ್ಕೆಟ್‌ಬಾಲ್ ಅಂದರೆ ಅಮೆರಿಕ ಅಂತಾರೆ. ಹಾಗಾದರೆ ಈ ಕಿರಿಯರ ಕಪ್ಪನ್ನು ಅವರು ಪ್ರತಿ ಸಲ ಯಾಕೆ ಗೆಲ್ಲುವುದಿಲ್ಲ?
(ಐಟಿ ಉದ್ಯೋಗಿ, ಪುಣೆ)

ಬಹಳ ಒಳ್ಳೆಯ ಪ್ರಶ್ನೆ. 1979ರಲ್ಲಿ ಬ್ರೆಜಿಲ್‌ನ ಸಾಲ್ವಡೋರ್‌ನಲ್ಲಿ ಶುರುವಾದ ಟೂರ್ನಿ ಇದು. 2007ರ ತನಕ ನಾಲ್ಕು ವರ್ಷಕ್ಕೊಮ್ಮೆ, 2009ರಿಂದ ಎರಡು ವರ್ಷಕ್ಕೊಮ್ಮೆ. 2025ರ ತನಕ 17 ಸಲ ಆಗಿದೆ. ಅಮೆರಿಕ ಗೆದ್ದದ್ದು ಒಂಬತ್ತು ಸಲ. ಉಳಿದ ಎಂಟು ಸಲ ಯುಗೊಸ್ಲಾವಿಯ, ಗ್ರೀಸ್, ಸ್ಪೇನ್, ಆಸ್ಟ್ರೇಲಿಯಾ, ಸೆರ್ಬಿಯಾ, ಲಿಥುವೇನಿಯಾ, ಕೆನಡಾ, ಮತ್ತೆ ಸ್ಪೇನ್. ಆದರೆ 17 ವರ್ಷದೊಳಗಿನವರ ವಿಶ್ವಕಪ್ 2010ರಲ್ಲಿ ಶುರುವಾಯಿತಲ್ಲ, ಅದನ್ನು 2024ರ ತನಕ ಪ್ರತಿ ಸಲ ಅಮೆರಿಕವೇ ಗೆದ್ದಿದೆ. ಎರಡೇ ವರ್ಷದಲ್ಲಿ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು?

ನನ್ನ ಲೆಕ್ಕ ಹೀಗೆ. ಹದಿನಾರು ಹದಿನೇಳರಲ್ಲಿ ಓಟ, ಹಾರಾಟ, ಮೈಕಟ್ಟು ಆಟವನ್ನು ಗೆಲ್ಲಿಸುತ್ತದೆ. ಹತ್ತೊಂಬತ್ತಕ್ಕೆ ಬರುವಾಗ ಯುರೋಪಿನ ಹುಡುಗರು ದೊಡ್ಡವರ ಕ್ಲಬ್‌ಗಳಲ್ಲಿ, ಮೂವತ್ತು ವರ್ಷದ ಗಂಡಸರ ಮೊಣಕೈ ತಿಂದು ಪಳಗಿರುತ್ತಾರೆ. ಅಲ್ಲಿ 16, 18, 20 ವರ್ಷದೊಳಗಿನವರಿಗೆ ಅಂತ ಬೇಸಿಗೆಯಲ್ಲಿ ಯುರೋಪ್ ಚಾಂಪಿಯನ್‌ಶಿಪ್ ನಡೆಯುತ್ತದೆ. ಅದೇ ಹುಡುಗರು ವರ್ಷವರ್ಷ ಒಟ್ಟಿಗೆ ಆಡಿರುತ್ತಾರೆ. ಅಮೆರಿಕದ ಹುಡುಗರು ಕೊಲರಾಡೊ ಸ್ಪ್ರಿಂಗ್ಸ್‌ನ ಕ್ಯಾಂಪಿನಲ್ಲಿ ಸೇರಿ, ಕೆಲವೇ ವಾರದಲ್ಲಿ ತಂಡ ಆಗಬೇಕು.

ನಿಯಮವೂ ಬೇರೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 48 ನಿಮಿಷ, ಇಲ್ಲಿ 40. ಎನ್‌ಬಿಎಯಲ್ಲಿ ಎದುರಾಳಿ ಯಾರಿಗೂ ಕಾವಲು ನಿಲ್ಲದೆ ಸುಮ್ನೆ ಬುಟ್ಟಿಯ ಕೆಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. ಫಿಬಾದಲ್ಲಿ ಬುಟ್ಟಿಗೆ ಕಾವಲು ನಿಂತವನಿಗೆ ಆ ಅಡ್ಡಿ ಇಲ್ಲ. ಆರೂಮುಕ್ಕಾಲು ಅಡಿಯ ಇಬ್ಬರು ಅಲ್ಲೇ ನಿಂತುಬಿಟ್ಟರೆ ವಿರಾರ್ ಲೋಕಲ್‌ನ ಬಾಗಿಲ ಹಾಗೆ, ಒಳಗೆ ಜಾಗ ಇದ್ದರೂ ಹೋಗಲಾಗುವುದಿಲ್ಲ. ಆಗ ಹೊರಗಿನಿಂದ ಹಾಕಲು ಬರಬೇಕು. ಇನ್ನೊಂದು: ಶಾಟ್ ರಿಂಗಿಗೆ ತಾಗಿದ ಮೇಲೆ, ಚೆಂಡು ರಿಂಗಿನ ಮೇಲೇ ಕುಣಿಯುತ್ತಿದ್ದರೂ ಫಿಬಾದಲ್ಲಿ ಅದನ್ನು ತಳ್ಳಿಹಾಕಬಹುದು. ಎನ್‌ಬಿಎಯಲ್ಲಿ ಅದು ತಪ್ಪು. ಚಿಕ್ಕಂದಿನಿಂದ ಕೈ ಹಿಂದೆಗೆದು ಅಭ್ಯಾಸ ಆದವನಿಗೆ ಒಂದು ಕ್ಷಣ ತಡವಾಗುತ್ತದೆ. ಅಷ್ಟರಲ್ಲಿ ಎರಡು ಪಾಯಿಂಟ್ ಹೋಯಿತು.

ಇನ್ನು 1987ರ ಕತೆ. ಅದನ್ನು ಬಿಟ್ಟರೆ ನನಗೆ ಊಟ ಸೇರುವುದಿಲ್ಲ. ಇಟಲಿಯ ಬೋರ್ಮಿಯೊ, ಆಲ್ಪ್ಸ್ ಬೆಟ್ಟದಲ್ಲಿ ಸ್ಕೀಯಿಂಗ್‌ಗೆ ಜನ ಹೋಗುವ ಪುಟ್ಟ ಊರು. ಯುಗೊಸ್ಲಾವಿಯದ ತಂಡದಲ್ಲಿ ಟೋನಿ ಕುಕೋಚ್, ವ್ಲಾಡೆ ದಿವಾತ್ಸ್, ದಿನೊ ರಾಜಾ, ಸಾಶಾ ಜೋರ್ಜೆವಿಚ್. ಅಮೆರಿಕದ ತಂಡದಲ್ಲಿ ಗ್ಯಾರಿ ಪೇಟನ್, ಲ್ಯಾರಿ ಜಾನ್ಸನ್. ಈ ಎರಡು ತಂಡಗಳ ಗುಂಪಿನ ಮ್ಯಾಚಿನಲ್ಲಿ ಕುಕೋಚ್ 12 ತ್ರೀ ಪಾಯಿಂಟರ್ ಎಸೆದು 11 ಹಾಕಿದ! ಅವನೇನು ಕುಳ್ಳ ಶೂಟರ್ ಅಲ್ಲ. ಸೆಂಟರ್ ಆಡುವಷ್ಟು ಉದ್ದದ ಹುಡುಗ. ಅಂಥವನು ಗೆರೆಯ ಹೊರಗೆ ನಿಂತು ಎಸೆದರೆ ಅವನನ್ನು ಯಾರು ತಡೆಯಬೇಕು? ಉದ್ದದವನು ಹೊರಗೆ ಬಂದರೆ ಬುಟ್ಟಿ ಖಾಲಿ, ಗಿಡ್ಡದವನು ಬಂದರೆ ಕೈ ಎಟಕುವುದಿಲ್ಲ. ಫೈನಲ್‌ನಲ್ಲಿ ಮತ್ತೆ ಅದೇ ಎರಡು ತಂಡ, ಮತ್ತೆ ಯುಗೊಸ್ಲಾವಿಯ, 86-76. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ದೇಶವೇ ಒಡೆಯಿತು. ಕುಕೋಚ್, ರಾಜಾ ಕ್ರೊಯೇಷಿಯಾದವರಾದರು, ದಿವಾತ್ಸ್, ಜೋರ್ಜೆವಿಚ್ ಸೆರ್ಬಿಯಾದ ಕಡೆ ಉಳಿದರು. ಆ ಹನ್ನೆರಡು ಹುಡುಗರು ಒಂದೇ ಜೆರ್ಸಿಯಲ್ಲಿ ಬೆಳೆದಿದ್ದರೆ ಹೇಗಿರುತ್ತಿತ್ತು ಅಂತ ನಮ್ಮಂಥವರು ಈಗಲೂ ಚಹಾ ಕುಡಿಯುತ್ತಾ ಜಗಳ ಆಡುತ್ತೇವೆ.

ಅಂದಹಾಗೆ, 2013ರಲ್ಲಿ ಪ್ರಾಗ್‌ನಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರ ಅಮೆರಿಕದ ಆರನ್ ಗಾರ್ಡನ್. ಫೈನಲ್‌ನಲ್ಲಿ ಸೋತ ಸೆರ್ಬಿಯಾ ತಂಡದಲ್ಲಿದ್ದವನು ನಿಕೋಲಾ ಯೋಕಿಚ್. ಹತ್ತು ವರ್ಷ ಬಿಟ್ಟು, 2023ರಲ್ಲಿ ಇಬ್ಬರೂ ಡೆನ್ವರ್ ನಗೆಟ್ಸ್ ಪರವಾಗಿ ಒಟ್ಟಿಗೆ ಎನ್‌ಬಿಎ ಗೆದ್ದರು. ಅಷ್ಟರಲ್ಲಿ ಇಬ್ಬರಲ್ಲಿ ದೊಡ್ಡ ಆಟಗಾರ ಯೋಕಿಚ್ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಪ್ರಶ್ನೆ: 2021ರ ಫೈನಲ್ ಕೊನೆಯಲ್ಲಿ ಫ್ರಾನ್ಸ್‌ನ ಆ ಉದ್ದದ ಹುಡುಗನನ್ನು ಯಾಕೆ ಹೊರಗೆ ಕೂರಿಸಿದರು?
(ಎಂಟನೇ ತರಗತಿ, ಮುಲುಂಡ್)

ಕೋಚ್ ಕೂರಿಸಲಿಲ್ಲ ಪುಟ್ಟಾ. ಐದು ಫೌಲ್ ಆಯಿತು. ಫಿಬಾ ನಿಯಮದಲ್ಲಿ ಐದಾದರೆ ಹೊರಗೆ, ಎನ್‌ಬಿಎಯಲ್ಲಿ ಆರು. ವಿಕ್ಟರ್ ವೆಂಬನ್ಯಾಮ ಅಂದು 22 ಪಾಯಿಂಟ್ ಹಾಕಿದ್ದ, ಎಂಟು ಶಾಟ್ ಬ್ಲಾಕ್ ಮಾಡಿದ್ದ. ಅವನಿಲ್ಲದ ಕೊನೆಯ ನಿಮಿಷಗಳನ್ನು ದಾಟಿ ಅಮೆರಿಕ 83-81ಕ್ಕೆ ಗೆದ್ದಿತು. ನೀನೂ ಬ್ಲಾಕ್ ಮಾಡುವಾಗ ಕೈ ಮೇಲಕ್ಕೆ ಎತ್ತು, ಕೆಳಕ್ಕೆ ಬಡಿಯಬೇಡ. ಅರ್ಧಕ್ಕರ್ಧ ಫೌಲ್ ಅಲ್ಲೇ ತಪ್ಪುತ್ತದೆ.

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ನಾಗಪಾಡಾದ ಹತ್ತಿರ. ಅಲ್ಲಿ ಗಲ್ಲಿಗೊಬ್ಬ ಬಾಸ್ಕೆಟ್‌ಬಾಲ್ ಆಟಗಾರ. ಇಷ್ಟಿದ್ದೂ ಭಾರತ ಈ ವಿಶ್ವಕಪ್‌ನಲ್ಲಿ ಯಾಕಿಲ್ಲ?
(ಹೋಟೆಲ್ ಉದ್ಯಮಿ, ಭಾಯಖಳಾ)

ನಾಗಪಾಡಾ ಅಂದಿರಿ, ನನ್ನ ಅರ್ಧ ಯೌವನ ಎದುರು ಬಂತು. 1927ರಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅನ್ನುವ ಅಮೆರಿಕದ ಮಿಷನರಿ ಅಲ್ಲಿ ನೇಬರ್‌ಹುಡ್ ಹೌಸ್ ಅನ್ನುವ ಸಮುದಾಯ ಕೇಂದ್ರ ಕಟ್ಟಿದರು. ಆ ಓಣಿಗಳಿಂದಲೇ ಬಂದವರು ಭಾರತ ತಂಡದ ನಾಯಕರಾಗಿದ್ದ ಅಬ್ಬಾಸ್ ಮುಂತಸಿರ್, 1970ರ ಅರ್ಜುನ ಪ್ರಶಸ್ತಿ. ರಂಜಾನ್ ತಿಂಗಳಲ್ಲಿ ರಾತ್ರಿ ಲೈಟ್ ಹಾಕಿಕೊಂಡು ಆಡುವಾಗ ಕೋರ್ಟಿನ ಸುತ್ತ ನಿಲ್ಲಲು ಜಾಗ ಇರುತ್ತಿರಲಿಲ್ಲ. ಅಲ್ಲಿ ಸೀಟಿ ಊದುವುದು ಅಂದರೆ ಪರೀಕ್ಷೆ. ತಪ್ಪು ಫೌಲ್ ಕೊಟ್ಟರೆ ಮೇಲಿನ ಗ್ಯಾಲರಿಯಿಂದ ಅಜ್ಜಿಯೂ ಬೈಯುತ್ತಾಳೆ.

ಆದರೆ ವಿಶ್ವಕಪ್‌ಗೆ ಹೋಗುವ ದಾರಿ ಬೇರೆ. ಮೊದಲು ದಕ್ಷಿಣ ಏಷ್ಯಾದ ನೆರೆಯವರನ್ನು ದಾಟಬೇಕು. ಆಮೇಲೆ 18 ವರ್ಷದೊಳಗಿನವರ ಏಷ್ಯಾ ಕಪ್. ಅಲ್ಲಿ ಮೊದಲ ನಾಲ್ಕು ಸ್ಥಾನಕ್ಕೆ ಮಾತ್ರ ಟಿಕೆಟ್. ಈ ಏಷ್ಯಾ ಟೂರ್ನಿ ನಮ್ಮಲ್ಲೂ ನಡೆದಿದೆ, 1998ರಲ್ಲಿ ಕಲ್ಕತ್ತಾದಲ್ಲಿ, 2004ರಲ್ಲಿ ನಮ್ಮ ಬೆಂಗಳೂರಿನಲ್ಲಿ. ಮನೆಯಂಗಳದಲ್ಲೇ ನಡೆದರೂ ನಮಗೆ ವಿಶ್ವಕಪ್ ಸಿಗಲಿಲ್ಲ. ಹುಡುಗರ ತಂಡ ಈ ತನಕ ಅಲ್ಲಿಗೆ ತಲುಪಿಲ್ಲ. ಚೀನಾ, ಕೊರಿಯಾ, ಜಪಾನ್, ಇರಾನ್ ಮೊದಲೇ ಸಾಲು ಹಚ್ಚಿದ್ದವು. ಸಾಲದು ಅಂತ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕೂಡ ಏಷ್ಯಾದ ಗುಂಪಿಗೇ ಬಂದವು. 2018ರ ಏಷ್ಯಾ ಫೈನಲ್ ಆಡಿದವರು ಅವರಿಬ್ಬರೇ!

ಇಲ್ಲಿ ಜನಸಂಖ್ಯೆಯ ಮಾತು ಎತ್ತುವವರಿಗೆ ನಾನು ನ್ಯೂಜಿಲೆಂಡ್ ತೋರಿಸುತ್ತೇನೆ. ಇಡೀ ದೇಶದಲ್ಲಿ ಸುಮಾರು 50 ಲಕ್ಷ ಜನ. ನಮ್ಮ ಮುಂಬೈಯ ಅರ್ಧವೂ ಇಲ್ಲ. ಅವರು 2025ರಲ್ಲಿ ಸೆಮಿಫೈನಲ್ ಆಡಿ ನಾಲ್ಕನೇ ಸ್ಥಾನ ತಗೊಂಡರು. 2019ರಲ್ಲಿ ಮಾಲಿ ಫೈನಲ್‌ಗೇ ಬಂತು, ಆಫ್ರಿಕಾದಿಂದ ಮೊದಲ ಸಲ. ಮಾಲಿ ನಮಗಿಂತ ಶ್ರೀಮಂತ ದೇಶ ಅಂತ ಯಾರೂ ಹೇಳಲಾರರು, ಅಲ್ವಾ?

ಹಾಗಾದರೆ ನಮ್ಮ ಕೊರತೆ ಏನು? ಎತ್ತರ ಅಲ್ಲ. ಪಂಜಾಬಿನ ಬಲ್ಲೋಕೆ ಊರಿನ ಸತ್ನಾಮ್ ಸಿಂಗ್ 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ) ಆಯ್ಕೆಯಾದ ಮೊದಲ ಭಾರತೀಯ, ಏಳಡಿಯ ಆಳು. ನನ್ನ ಮಟ್ಟಿಗೆ ಕೊರತೆ ಮ್ಯಾಚ್‌ದು. ನಮ್ಮ ಹುಡುಗ ವರ್ಷವಿಡೀ ಪ್ರಾಕ್ಟೀಸ್ ಮಾಡುತ್ತಾನೆ, ಬೆರಳೆಣಿಕೆಯಷ್ಟು ಮ್ಯಾಚ್ ಆಡುತ್ತಾನೆ. ಎರಡು ಪಾಯಿಂಟ್ ಹಿಂದಿರುವಾಗ, ಹನ್ನೆರಡು ಸೆಕೆಂಡ್ ಉಳಿದಿರುವಾಗ, ಚೆಂಡು ಯಾರಿಗೆ ಕೊಡಬೇಕು ಅನ್ನುವುದನ್ನು ಯಾವ ಕೋಚ್ ಸಹ ಪ್ರಾಕ್ಟೀಸ್‌ನಲ್ಲಿ ಕಲಿಸಲಾರ. ನಾಗಪಾಡಾದಲ್ಲಿ ಆಟಗಾರರು ಬೆಳೆದದ್ದು ಕೋರ್ಟ್ ಚೆನ್ನಾಗಿತ್ತು ಅಂತಲ್ಲ. ಸಂಜೆ ಆದರೆ ಅಲ್ಲಿ ಯಾರಾದರೂ ಯಾರ ಮೇಲಾದರೂ ಮ್ಯಾಚ್ ಹಾಕಿಕೊಳ್ಳುತ್ತಿದ್ದರು, ಸೋತವರು ನಾಳೆ ಮತ್ತೆ ಬರುತ್ತಿದ್ದರು. ಈಗ ಕೆಲವು ಕಡೆ ಕೋರ್ಟ್ ಮೇಲೆ ಮೇಪಲ್ ಮರದ ಹಲಗೆ ಹಾಕಿದ್ದಾರೆ, ಗೇಟಿಗೆ ಬೀಗ. ಕಡಲೆ ಇದ್ದಲ್ಲಿ ಹಲ್ಲಿಲ್ಲ.

ಪ್ರಶ್ನೆ: ನನ್ನ ಮಗ ಹುಟ್ಟಿದ್ದು 2007ರ ಡಿಸೆಂಬರ್ 31, ರಾತ್ರಿ ಹನ್ನೊಂದೂವರೆ. 2027ರ ಕಪ್‌ಗೆ ಅವನ ವಯಸ್ಸು ಹೊಂದುತ್ತದಾ?
(ಬಂದರು ನೌಕರ, ವಾಸ್ಕೋ, ಗೋವಾ)

ಇಲ್ಲ. ಹುಟ್ಟಿದ ವರ್ಷವೇ ಲೆಕ್ಕ. 2027ಕ್ಕೆ 2008ರ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕು. ಅರ್ಧ ಗಂಟೆಯಲ್ಲಿ ತಪ್ಪಿತು. ಇದೇ ಕಾರಣಕ್ಕೆ ಎಲ್ಲಾ ಕಿರಿಯರ ಟೂರ್ನಿಯಲ್ಲೂ ಜನವರಿ, ಫೆಬ್ರವರಿ ಮಕ್ಕಳಿಗೆ ಲಾಭ ಜಾಸ್ತಿ, ಡಿಸೆಂಬರ್ ಮಕ್ಕಳಿಗೆ ಪೆಟ್ಟು ಜಾಸ್ತಿ. ಹದಿಮೂರು ಹದಿನಾಲ್ಕರಲ್ಲಿ ಹನ್ನೊಂದು ತಿಂಗಳು ಅಂದರೆ ಕೆಲವೊಮ್ಮೆ ಮೂರು ಇಂಚು. ಸೆಲೆಕ್ಟರ್‌ಗಳು ಇದನ್ನು ನೋಡುವುದೇ ಇಲ್ಲ ಅನ್ನುವುದು ನನ್ನ ದೂರು.

ಒಂದು ಮಾತು. ಸರ್ಟಿಫಿಕೇಟ್ ಸ್ವಲ್ಪ ಸರಿ ಮಾಡಿಸಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳಿಸಿ.

ಪ್ರಶ್ನೆ: ಹೆಣ್ಣುಮಕ್ಕಳಿಗೆ ಇಂಥ ಕಪ್ ಇಲ್ಲವೇ?
(ವಿದ್ಯಾರ್ಥಿನಿ, ಠಾಣೆ)

ಇದೆ ಮಗಳೇ, 1985ರಿಂದಲೇ ಇದೆ. ಚೆಂಡು ಮಾತ್ರ ಒಂದು ಸೈಜ್ ಚಿಕ್ಕದು, ಹುಡುಗರದು ಏಳು, ನಿಮ್ಮದು ಆರು. ಅಂಗಡಿಯವನು ಎಲ್ಲಾ ಒಂದೇ ಅಂತ ಏಳನ್ನೇ ಕಟ್ಟಿಕೊಡುತ್ತಾನೆ, ತಗೋಬೇಡ. 2017ರಲ್ಲಿ ಬೆಂಗಳೂರಿನಲ್ಲಿ ನಮ್ಮ ಹಿರಿಯ ಮಹಿಳೆಯರು ಏಷ್ಯಾ ಕಪ್‌ನ ಬಿ ಡಿವಿಷನ್, ಅಂದರೆ ಎರಡನೇ ದರ್ಜೆ, ಗೆದ್ದು ಮೇಲಕ್ಕೆ ಏರಿದರು. ಹುಡುಗರ ಬಗ್ಗೆ ಇಷ್ಟುದ್ದ ಬರೆದು ನಿಮ್ಮ ಬಗ್ಗೆ ಇಷ್ಟೇನಾ ಅಂತ ಕೇಳಬೇಡ, ಮುಂದಿನ ಸಂಚಿಕೆ ಪೂರಾ ನಿಮಗೇ.

ಪ್ರಶ್ನೆ: ಒಬ್ಬರು ಬಂದಿದ್ದರು. ಮಗನ ವಿಡಿಯೊ ಮಾಡಿ ಅಮೆರಿಕದ ಕಾಲೇಜಿಗೆ ಕಳಿಸುತ್ತೇವೆ, ಸ್ಕಾಲರ್‌ಶಿಪ್ ಗ್ಯಾರಂಟಿ, ಮೊದಲು ಒಂದೂವರೆ ಲಕ್ಷ ಕೊಡಿ ಅಂದರು. ಕೊಡಲಾ?
(ತಂದೆ, ನೆರೂಳ್)

ಗ್ಯಾರಂಟಿ ಅಂದವರಿಗೆ ಚಹಾ ಕೊಡಿ, ದುಡ್ಡು ಕೊಡಬೇಡಿ.

ಅಲ್ಲಿಯ ಕಾಲೇಜ್ ಆಟಕ್ಕೆ ಮಾರ್ಕ್ಸ್ ಬೇಕು. ಹೈಸ್ಕೂಲಿನಲ್ಲಿ ಯಾವ ವಿಷಯ ಓದಿದ, ಎಷ್ಟು ಬಂತು ಅಂತ ಅವರ ಸಂಸ್ಥೆ ಪರಿಶೀಲಿಸುತ್ತದೆ. ವಿಡಿಯೊವನ್ನು ನಿಮ್ಮ ಫೋನಿನಲ್ಲೇ ತೆಗೆಯಿರಿ. ಹಾಡು ಹಾಕಿದ ಎರಡು ನಿಮಿಷದ ತುಣುಕು ಬೇಡ, ಅದರಲ್ಲಿ ಎಲ್ಲರೂ ಎಲ್ಲಾ ಶಾಟ್ ಹಾಕುತ್ತಾರೆ. ಒಂದು ಪೂರ್ತಿ ಮ್ಯಾಚ್, ಸ್ಟ್ಯಾಂಡಿನ ಎತ್ತರದಿಂದ, ಕ್ಯಾಮೆರಾ ಅಲ್ಲಾಡಿಸದೆ. ಶಾಟ್ ತಪ್ಪಿದ ಮೇಲೆ ಹುಡುಗ ಹಿಂದಕ್ಕೆ ಓಡುತ್ತಾನಾ, ತಲೆ ಬಗ್ಗಿಸಿ ನಿಲ್ಲುತ್ತಾನಾ? ನೋಡುವವರು ನೋಡುವುದು ಅದನ್ನೇ. ಅವರು ಬೇಡ ಅಂದರೂ ನಿಮ್ಮ ಒಂದೂವರೆ ಲಕ್ಷ ನಿಮ್ಮಲ್ಲೇ ಇರುತ್ತದೆ.

ಪ್ರಶ್ನೆ: ಮಳೆಗಾಲ ಪೂರ್ತಿ ನಮ್ಮ ಕೋರ್ಟ್ ಒದ್ದೆ. ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ಚೆಂಡು ಬಡಿದರೆ ಸೊಸೈಟಿ ಸೆಕ್ರೆಟರಿ ಅಂಕಲ್ ಬೈಯುತ್ತಾರೆ. ಏನು ಮಾಡಲಿ?
(ಹತ್ತನೇ ತರಗತಿ, ಚೆಂಬೂರು)

ಒದ್ದೆ ಸಿಮೆಂಟಿನ ಮೇಲೆ ಆಡಬೇಡ. ಜುಲೈಯಲ್ಲಿ ಜಾರಿದ ಕಾಲು ದೀಪಾವಳಿ ತನಕ ನೋಯುತ್ತದೆ.

ಚೆಂಡು ಬಡಿಯದೇ ಮಾಡುವ ಕೆಲಸ ಬೇಕಾದಷ್ಟಿದೆ. ಸೊಂಟದ ಸುತ್ತ, ಮೊಣಕಾಲಿನ ಸುತ್ತ, ಕಾಲುಗಳ ನಡುವೆ ಎಂಟರ ಆಕಾರದಲ್ಲಿ ಚೆಂಡು ತಿರುಗಿಸು, ಕಣ್ಣು ಗೋಡೆ ಮೇಲೆ. ರಾತ್ರಿ ಹಾಸಿಗೆಯಲ್ಲಿ ಅಂಗಾತ ಮಲಗಿ ಒಂದೇ ಕೈಯಲ್ಲಿ ಚೆಂಡನ್ನು ನೇರ ಮೇಲಕ್ಕೆ ಬಿಡು, ಫ್ಯಾನ್ ಆಫ್ ಮಾಡಿ. ಚೆಂಡು ಅದೇ ಕೈಗೆ ವಾಪಸ್ ಬಂದರೆ ನಿನ್ನ ಮಣಿಕಟ್ಟು ಸರಿ ಇದೆ. ಪಕ್ಕಕ್ಕೆ ಬಿದ್ದರೆ ಹೆಬ್ಬೆರಳು ತಳ್ಳುತ್ತಿದೆ ಅಂತ ಅರ್ಥ.

ಮಳೆ ಜೋರಾದ ದಿನ ಫಿಬಾದ ಯೂಟ್ಯೂಬ್ ಚಾನೆಲ್ ಹಾಕು, ಕಿರಿಯರ ಟೂರ್ನಿಗಳ ಹಳೆ ಮ್ಯಾಚ್ ಸಿಗುತ್ತವೆ. ಫೈನಲ್ ಬೇಡ. 13ನೇ ಸ್ಥಾನಕ್ಕೋ 15ನೇ ಸ್ಥಾನಕ್ಕೋ ನಡೆದದ್ದನ್ನು ಹುಡುಕು. ನಿನ್ನ ಜಾಗದಲ್ಲಿ ಆಡುವ ಒಬ್ಬನನ್ನು ಮಾತ್ರ ನೋಡು, ಚೆಂಡು ಎಲ್ಲಿಗೆ ಹೋದರೂ ಅವನನ್ನೇ ನೋಡು. ಚೆಂಡು ಕೈಯಲ್ಲಿ ಇಲ್ಲದಾಗ ಅವನು ಏನು ಮಾಡುತ್ತಾನೆ ಅಂತ ಬರೆದಿಡು.

ಸೆಕ್ರೆಟರಿ ಅಂಕಲ್ ವಿಷಯ. ಚೆಂಡು ಮನೆಯಲ್ಲೇ ಬಿಟ್ಟು ಹೋಗು. ಐದರಿಂದ ಆರರ ತನಕ, ಜನ ಆಫೀಸಿನಿಂದ ಬರುವ ಮುಂಚೆ, ಭಾನುವಾರ ಇಲ್ಲ, ಪರೀಕ್ಷೆ ಸಮಯದಲ್ಲಿ ಇಲ್ಲ ಅಂತ ಒಂದು ಚೀಟಿಯಲ್ಲಿ ಬರೆದು ಕೊಡು. ಬರವಣಿಗೆಯಲ್ಲಿ ಕೊಟ್ಟರೆ ಸೆಕ್ರೆಟರಿಗಳಿಗೆ ಖುಷಿ, ಫೈಲ್ ಮಾಡಬಹುದಲ್ಲ. ಆದರೂ ಒಪ್ಪದಿದ್ದರೆ ಅವರಿಗೆ ಮೊಮ್ಮಗ ಇದ್ದಾನಾ ವಿಚಾರಿಸು. ಇದ್ದರೆ ಮೊದಲು ಅವನಿಗೆ ಆಟ ಕಲಿಸು.